ಓಣಿಗೆ ಅಡ್ಡಲಾಗಿ ಮೂರು ಕುರ್ಚಿ

ಮಾರ್ಚ್ ೪, ಮಂಗಳವಾರ

ನನ್ನ ಅಕ್ಷರ ಚೆನ್ನಾಗಿಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಒತ್ತಕ್ಷರ ಬೇಕಾದ ಕಡೆ ಬಿಟ್ಟಿರುತ್ತೇನೆ, ಬೇಡದ ಕಡೆ ಹಾಕಿರುತ್ತೇನೆ. ಯಾರಾದರೂ ಈ ಪುಸ್ತಕ ತೆಗೆದು ನೋಡಿದರೆ ನಗಬೇಡಿ, ಹಾಗೇ ಮುಚ್ಚಿಟ್ಟುಬಿಡಿ. ಇದು ನನಗೆ ಮಾತ್ರ.

ಪುಸ್ತಕ ಕೊಟ್ಟವರು ಫಿಸಿಯೋಥೆರಪಿ ಮೇಡಂ. ಇವತ್ತು ಮೊದಲ ಸಲ ಮನೆಗೆ ಬಂದಿದ್ದರು. ಮುಂದಿನ ಪುಟಗಳಿಗೆ ಗೆರೆ ಎಳೆದು ಕೊಟ್ಟಿದ್ದಾರೆ: ತಾರೀಖು, ಯಾವ ವ್ಯಾಯಾಮ, ಎಷ್ಟು ಸಲ, ಸುಸ್ತು ಎಷ್ಟು. ಅದು ಅವರಿಗೆ. ಪುಸ್ತಕ ತಿರುಗಿಸಿ ಹಿಂದಿನಿಂದ ಬರೆದರೆ ಅದು ನನ್ನದು.

ಅತ್ತೆಗೆ ಶ್ವಾಸಕೋಶದಲ್ಲಿ ಗೆಡ್ಡೆ. ಹೋದ ತಿಂಗಳು ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ನನಗೂ ನನ್ನ ಗಂಡನಿಗೂ ಹೇಳಿದರು: ಇನ್ನು ಗುಣವಾಗುವ ಔಷಧಿ ಇಲ್ಲ, ನೋವಾಗದ ಹಾಗೆ ಮನೆಯಲ್ಲೇ ನೋಡಿಕೊಳ್ಳೋಣ, ನಮ್ಮವರು ಮನೆಗೇ ಬರುತ್ತಾರೆ. ಇವರು ಗೋಡೆ ಹಿಡಿದು ನಿಂತು, "ಅಮ್ಮಂಗೆ ಮಾತ್ರ ಗೊತ್ತಾಗಬಾರ್ದು" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಬಾಯಿ ಬಿಟ್ಟೀಯ, ಹುಷಾರು" ಅಂದರು. ನಾನು ಬಾಯಿ ಬಿಡುವವಳೇ ಅಲ್ಲ. ಯಾರು ಬಂದರೂ ಅಡಗಿಕೊಳ್ಳುತ್ತೇನೆ ಅಂತ ಅತ್ತೆ ನನ್ನನ್ನು ಕರೆಯುವುದೇ ಗುಬ್ಬಿ.

ಮೇಡಂಗೆ ನಲವತ್ತೈದು ಇರಬಹುದು. ಕ್ಯಾನ್ವಾಸ್ ಶೂ ಬಾಗಿಲಲ್ಲಿ ಬಿಟ್ಟರು, ಒಂದು ಕಾಲುಚೀಲ ಬೂದು, ಇನ್ನೊಂದು ಕಪ್ಪು. "ಇವರನ್ನ ನೋಡ್ಕೊಳ್ಳೋರು ಯಾರು?" ಅಂದರು.

"ಅಡುಗೆಮನೆ ಬಾಗಿಲ ಹಿಂದೆ ಒಂದು ಸೆರಗು ಕಾಣ್ತಿದೆಯಲ್ಲ, ಅದೇ," ಅಂದರು ಅತ್ತೆ.

ನಾನು ಹೊರಗೆ ಬಂದೆ. ಮೇಡಂ ಅತ್ತೆಯ ಕಾಲು ಮುಟ್ಟುವ ಮುಂಚೆ ಎರಡೂ ಅಂಗೈ ಉಜ್ಜಿ ಬಿಸಿ ಮಾಡಿಕೊಂಡರು. ಪಾದ ಹೇಗೆ ಆಡಿಸಬೇಕು, ಮೊಣಕಾಲು ಹೇಗೆ ಮಡಿಸಬೇಕು, ಮಗ್ಗುಲಾಗಿ ಹೇಗೆ ಏಳಿಸಬೇಕು, ತುಟಿ ಸಣ್ಣ ಮಾಡಿ ಬಿಸಿ ಹಾಲು ಆರಿಸುವ ಹಾಗೆ ಉಸಿರು ಹೇಗೆ ಬಿಡಬೇಕು, ಎಲ್ಲ ತೋರಿಸಿದರು. "ಹತ್ತು ಸಲ. ಹತ್ತೇ. ಸುಸ್ತಾದ್ರೆ ಐದಕ್ಕೇ ನಿಲ್ಸಮ್ಮ." ನಾನು ತಲೆ ಆಡಿಸಿದೆ.

ಮಾರ್ಚ್ ೬, ಗುರುವಾರ

ಎರಡು ದಿನವಾಯಿತು, ಅತ್ತೆ ಒಂದು ಬೆರಳೂ ಆಡಿಸಿಲ್ಲ. "ಅವಳು ಕಾಲೆತ್ತು ಅಂದ್ರೆ ಎತ್ತೋಕೆ ನಾನೇನು ಪೊಲೀಸ್ ಕೆಲಸಕ್ಕೆ ಸೇರ್ತಿದೀನಾ? ಕವಾಯತು ಮೇಡಂ ಅಂತೆ!" ಅಂದು ಗೋಡೆ ಕಡೆ ತಿರುಗಿ ಮಲಗಿದರು.

ನಾಳೆ ಮೇಡಂ ಬರುತ್ತಾರೆ. ಮುಂದಿನ ಪುಟ ಖಾಲಿ. ಶಾಲೆಯಲ್ಲಿ ಖಾಲಿ ಸ್ಲೇಟು ಎದೆಗೆ ಹಿಡಿದು ಎಲ್ಲರ ಮುಂದೆ ನಿಂತಿದ್ದು ನೆನಪಾಗುತ್ತದೆ. ಅದಕ್ಕೇ ಹೇಳಿಬಿಟ್ಟೆ.

"ಅತ್ತೆ, ಇದನ್ನ ಮಾಡಿದ್ರೆ ಒಂದು ತಿಂಗಳಲ್ಲಿ ಮೊದಲಿನ ಹಾಗೆ ಓಡಾಡ್ತೀರಂತೆ. ಮೇಡಂ ಹೇಳಿದ್ರು."

ಅತ್ತೆ ಈ ಕಡೆ ತಿರುಗಿದರು. "ಅವಳೇ ಹೇಳಿದ್ಲಾ?"

"ಹೂಂ."

ಹಿಮ್ಮಡಿ ನನ್ನ ಅಂಗೈಯಲ್ಲಿಟ್ಟು, "ಹಿಡಿ ಮತ್ತೆ, ಏನು ನೋಡ್ತಿದೀಯ" ಅಂದರು. ಹತ್ತು ಸಲ ಮಾಡಿದರು. ಪುಟ ತುಂಬಿತು.

ಮಾರ್ಚ್ ೧೩, ಗುರುವಾರ

ಅತ್ತೆಯ ಮುಖ ನೋಡಲು ಖುಷಿಯಾಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ, "ಬಾರೇ ಗುಬ್ಬಿ, ಕವಾಯತು" ಅನ್ನುತ್ತಾರೆ. ಹೋದ ಶನಿವಾರ ತಾವೇ ಒಂದು ಲೆಕ್ಕ ಹಾಕಿದರು.

"ಹತ್ತು ಸಲಕ್ಕೆ ಒಂದು ತಿಂಗಳು ಅಂದ್ರೆ ಮೂವತ್ತು ಸಲಕ್ಕೆ ಹತ್ತು ದಿನ. ಹೌದೋ ಅಲ್ವೋ?"

ಲೆಕ್ಕ ಸರಿಯಾಗಿಯೇ ಇತ್ತು. ನಾನು ಏನು ಹೇಳಲಿ? ಹತ್ತೇ ಸಾಕು ಅಂದರೆ ಯಾಕೆ ಅಂತ ಕೇಳುತ್ತಾರೆ. ಅದಕ್ಕೆ ಮೂವತ್ತು. ಬೆಳಿಗ್ಗೆ ಮೂವತ್ತು, ಸಾಯಂಕಾಲ ಮೂವತ್ತು. ಮುಗಿಯುವಷ್ಟರಲ್ಲಿ ರವಿಕೆ ಬೆವರಿನಿಂದ ಒದ್ದೆಯಾಗಿರುತ್ತದೆ, ತುಟಿ ಬಿಳಿಚಿರುತ್ತದೆ. ಮುಂದಿನ ಪುಟದಲ್ಲಿ ನಾನು ಹತ್ತು ಅಂತ ಬರೆಯುತ್ತೇನೆ. ಹಿಂದಿನ ಪುಟದಲ್ಲಿ ಮಾತ್ರ ಇದೆ ಮೂವತ್ತು.

ಒಂದೊಂದು ಸಲ ನನಗೂ ಅನಿಸುತ್ತದೆ, ಯಾರಿಗೆ ಗೊತ್ತು, ಹೀಗೇ ಮಾಡುತ್ತಾ ಹೋದರೆ ಡಾಕ್ಟರ ಮಾತೇ ಸುಳ್ಳಾಗಬಹುದು.

ಮಾರ್ಚ್ ೧೮, ಮಂಗಳವಾರ

ಅತ್ತೆ ಮಂಚದಿಂದ ಬಚ್ಚಲಿಗೆ ಹೋಗುವಾಗ ಎರಡು ಕಡೆ ನಿಂತರು. ಮೊದಲು ಒಂದೇ ಉಸಿರಿಗೆ ಹೋಗುತ್ತಿದ್ದರು. ಮೇಡಂ ಮುಂದಿನ ಪುಟಗಳನ್ನು ಎರಡು ಸಲ ತಿರುವಿದರು.

"ಹತ್ತೇ ಸಲ ಮಾಡಿದ್ರೂ ಇಷ್ಟು ಸುಸ್ತು ಯಾಕೆ ಬರ್ತಿದೆ? ರಕ್ತ ಕಮ್ಮಿಯಾಗಿದೆಯೋ ಏನೋ. ನರ್ಸ್ ಕಳಿಸ್ತೀನಿ, ಒಂದು ಸಲ ಪರೀಕ್ಷೆ ಮಾಡ್ಸೋಣ."

ನಾನು ನೆಲ ನೋಡುತ್ತಾ ನಿಂತಿದ್ದೆ.

ಮಧ್ಯಾಹ್ನ ನರ್ಸ್ ಬಂದರು. ಅತ್ತೆಯ ನರ ಸಿಗಲಿಲ್ಲ. ಬಲಗೈಗೆ ಎರಡು ಸಲ ಚುಚ್ಚಿ, ಎಡಗೈಗೆ ಒಂದು ಸಲ ಚುಚ್ಚಿ, ಕೊನೆಗೆ ಅಂಗೈ ಹಿಂದೆ ಸಿಕ್ಕಿತು. ಅತ್ತೆ ನನ್ನ ಬೆರಳು ಹಿಡಿದುಕೊಂಡಿದ್ದರು. ನನ್ನ ಬೆರಳನ್ನೇ. ನಾಲ್ಕು ಸಲ ಚುಚ್ಚಿಸಿದ್ದು ನಾನು.

ಮಾರ್ಚ್ ೨೧, ಶುಕ್ರವಾರ

ರಕ್ತದಲ್ಲಿ ಹೊಸದೇನೂ ಇಲ್ಲವಂತೆ.

ಮೇಡಂ ಹೊರಟು ಶೂ ಹಾಕಿಕೊಳ್ಳುತ್ತಿದ್ದರು. ನಾನು ಪುಸ್ತಕ ತಿರುಗಿಸಿ ಹಿಂದಿನ ಪುಟ ತೆರೆದು ಅವರ ಮುಂದೆ ಹಿಡಿದೆ. ಬಾಯಲ್ಲಿ ಹೇಳಲು ಆಗಲಿಲ್ಲ. ಅವರು ಒಂದು ಶೂ ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕುಳಿತು ಪೂರ್ತಿ ಓದಿದರು. ನನ್ನ ಅಕ್ಷರಕ್ಕೆ ತುಂಬಾ ಹೊತ್ತು ಹಿಡಿಯಿತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ, ಅದೇ ಕಷ್ಟವಾಯಿತು.

"ನಾನು ಬರೋದು ಅವರನ್ನ ಗುಣ ಮಾಡೋಕೆ ಅಂತ ನೀನು ಅಂದ್ಕೊಂಡಿದ್ಯಾ?"

"ವ್ಯಾಯಾಮ ಅಂದ್ರೆ ಅದಕ್ಕೇ ಅಲ್ವಾ ಮೇಡಂ?"

"ಅಲ್ಲಮ್ಮ. ಅವರ ಹತ್ರ ದಿನಕ್ಕೆ ಇಷ್ಟೇ ಅಂತ ಉಸಿರಿದೆ." ಅವರು ಶೂವನ್ನು ಲೋಟದ ಹಾಗೆ ಹಿಡಿದು, ಅದರ ಬಾಯಿಗೆ ಕೈ ಅಡ್ಡ ಇಟ್ಟು ತೋರಿಸಿದರು. "ಅದನ್ನ ಚೆಲ್ಲದ ಹಾಗೆ, ಅವರಿಗೆ ಬೇಕಾದ ಕೆಲಸಕ್ಕೆ ಉಳಿಸಿಕೊಡೋದು ನನ್ನ ಕೆಲಸ. ತಾನೇ ಬಚ್ಚಲಿಗೆ ಹೋಗ್ಬೇಕು ಅಂದ್ರೆ ಅದಕ್ಕೆ. ಕಿಟಕಿ ಹತ್ರ ಕೂತ್ಕೊಬೇಕು ಅಂದ್ರೆ ಅದಕ್ಕೆ. ಕೀಲು ಹಿಡಿಯಬಾರ್ದು, ಬೆನ್ನಿಗೆ ಹುಣ್ಣಾಗಬಾರ್ದು, ಅದಕ್ಕೆ ಆ ಹತ್ತು. ಈಗ ಅವರ ಉಸಿರೆಲ್ಲ ಕಾಲೆತ್ತೋದಕ್ಕೇ ಹೋಗ್ತಿದೆ."

"ಅವರಿಗೆ ಏನು ಬೇಕು ಅಂತ ಗೊತ್ತಿಲ್ಲ ಮೇಡಂ."

"ಕೇಳಬೇಕಲ್ಲ. ಕೇಳ್ಬೇಕು ಅಂದ್ರೆ ಅವರಿಗೆ ವಿಷಯ ಗೊತ್ತಿರ್ಬೇಕು. ತನ್ನ ಹತ್ರ ವರ್ಷಗಳಿವೆ ಅಂದ್ಕೊಂಡಿರೋರು ಏನು ಹೇಳ್ತಾರೆ?"

ಡಾಕ್ಟರನ್ನೂ ಕರೆದುಕೊಂಡು ಬಂದು ಎಲ್ಲರೂ ಕುಳಿತು ಮಾತಾಡೋಣ ಅಂದರು. ಇವರಿಗೆ ಫೋನ್ ಮಾಡಿದೆ. ಸರಕಿನ ವ್ಯಾನು ಓಡಿಸುವವರು, ವಾರಪೂರ್ತಿ ರಸ್ತೆಯ ಮೇಲೆ. "ಅಮ್ಮನ್ನ ಹೆದರಿಸಿ ಸಾಯಿಸ್ಬೇಕು ಅಂತಿದೀರಾ ಎಲ್ರೂ ಸೇರಿ?" ಅಂದು ಫೋನ್ ಇಟ್ಟರು. ಅವರ ದನಿ ಒಡೆದಿತ್ತು.

ಮಾರ್ಚ್ ೨೨, ಶನಿವಾರ

ಹೇಳಿದೆ.

ಮೇಡಂಗೋಸ್ಕರ ಕಾಯಬೇಕಿತ್ತು. ಆದರೆ ಬೆಳಿಗ್ಗೆ ಹದಿನೇಳನೇ ಸಲ ಕಾಲೆತ್ತುವಾಗ ಅತ್ತೆಯ ಹಿಮ್ಮಡಿ ನನ್ನ ಅಂಗೈಯಲ್ಲಿ ನಡುಗುತ್ತಿತ್ತು. ಅವರು ಹಲ್ಲು ಕಚ್ಚಿ, "ಇನ್ನು ಹದಿಮೂರು" ಅಂದರು. ನಾನು ಕಾಲನ್ನು ಕೆಳಗಿಟ್ಟೆ.

"ಮೇಡಂ ಹಾಗೆ ಹೇಳಿರಲಿಲ್ಲ ಅತ್ತೆ. ನಾನು ಸುಳ್ಳು ಹೇಳಿದ್ದೆ."

ಆಮೇಲೆ ಉಳಿದಿದ್ದೂ ಹೇಳಿದೆ. ಕಾರಿಡಾರು, ಡಾಕ್ಟರು, ಎಲ್ಲ. ಎಷ್ಟು ಸಣ್ಣ ದನಿಯಲ್ಲಿ ಹೇಳಿದೆನೋ, ಎರಡು ಸಲ ಹೇಳಬೇಕಾಯಿತು. ಅಂಥ ಮಾತನ್ನು ಎರಡು ಸಲ.

ಅತ್ತೆಗೆ ಮೊದಲೇ ಗೊತ್ತಿರಬಹುದು, ಒಳಗೊಳಗೇ ತಿಳಿದುಕೊಂಡಿರಬಹುದು ಅಂತ ಎಲ್ಲೋ ಆಸೆಯಿತ್ತು ನನಗೆ. ಗೊತ್ತಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು, ಗೊತ್ತಿರಲಿಲ್ಲ.

"ನಿಂಗೆ ಗೊತ್ತಾಗಿ ಎಷ್ಟು ದಿನ ಆಯ್ತು?"

"ಐದು ವಾರ."

"ಗೊತ್ತಿದ್ದೂ ಗೊತ್ತಿದ್ದೂ ನನ್ನ ಕೈಲಿ ಕಾಲೆತ್ತಿಸಿದ್ಯಲ್ಲೇ."

ಕಾಲನ್ನು ನನ್ನಿಂದ ದೂರ ಎಳೆದುಕೊಳ್ಳಲು ನೋಡಿದರು. ಎಳೆಯಲು ಆಗಲಿಲ್ಲ. ನಾನೇ ಎದ್ದು ದೂರ ಹೋದೆ.

ಮಾರ್ಚ್ ೨೩, ಭಾನುವಾರ

ಇವರು ಬಂದರು. ಅತ್ತೆ ಮಗನ ಹತ್ತಿರವೂ ಮಾತಾಡಲಿಲ್ಲ, ನನ್ನ ಹತ್ತಿರವೂ ಇಲ್ಲ. ಇವರಿಗೆ ಅರ್ಥವಾಯಿತು. ಅಡುಗೆಮನೆಗೆ ಬಂದು, "ನಿಂಗೆ ಯಾರು ಹೇಳು ಅಂದ್ರು?" ಅಂತ ಕೇಳಿದರು.

"ಕಾಲೆತ್ತಿಸಿದ್ದು ನಾನು. ನೀವಲ್ಲ," ಅಂದೆ.

ಇವರು ಹಿತ್ತಲಿಗೆ ಹೋಗಿ ನಲ್ಲಿ ಬಿಟ್ಟು ಮುಖ ತೊಳೆದರು, ತೊಳೆದರು, ತುಂಬಾ ಹೊತ್ತು ತೊಳೆದರು. ಹಾಲು ಉಕ್ಕಿ ಒಲೆ ಆರಿಹೋಗಿತ್ತು.

ಮಾರ್ಚ್ ೨೪, ಸೋಮವಾರ

ಮಾತಿಲ್ಲ. ಮಗ್ಗುಲು ಬದಲಾಯಿಸಲು ಮಾತ್ರ ಬಿಡುತ್ತಾರೆ. ಕಣ್ಣು ಮುಚ್ಚಿಕೊಳ್ಳುತ್ತಾರೆ.

ಮಾರ್ಚ್ ೨೫, ಮಂಗಳವಾರ

ಮೇಡಂ ಬಂದು ಅಂಗೈ ಉಜ್ಜಿಕೊಳ್ಳುತ್ತಿದ್ದಾಗ ಅತ್ತೆ ಬಾಯಿ ತೆರೆದರು. ನಾನು ಬಾಗಿಲ ಹತ್ತಿರ ಇದ್ದೆ.

"ಕವಾಯತು ಮೇಡಂ, ನನ್ನ ಹತ್ರ ಇನ್ನೆಷ್ಟು ಹೆಜ್ಜೆ ಉಳಿದಿವೆ?"

"ಹಾಗೆ ಎಣಿಸಿ ಹೇಳೋಕಾಗಲ್ಲಮ್ಮ. ಎಲ್ಲಿಗೆ ಹೋಗ್ಬೇಕು ಹೇಳಿ, ಅಲ್ಲಿಂದ ಲೆಕ್ಕ ಶುರು ಮಾಡೋಣ."

"ಎದುರುಮನೆಗೆ."

ನನಗೆ ಆಶ್ಚರ್ಯವಾಯಿತು. ಓಣಿಯ ಆಚೆ ಬದಿಯ ಆ ಮನೆಯವರ ಜೊತೆ ಅತ್ತೆ ಮಾತು ಬಿಟ್ಟು ಎಂಟು ವರ್ಷವಾಗಿದೆ. ನಾನು ಈ ಮನೆಗೆ ಬರುವ ಮುಂಚಿನ ಕಥೆ. ಇಬ್ಬರೂ ಒಟ್ಟಿಗೆ ಹೊಲಿಗೆ ಹೊಲಿಯುತ್ತಿದ್ದವರಂತೆ. ಅತ್ತೆಯ ತಾಯಿ ಆಸ್ಪತ್ರೆಯಲ್ಲಿ, ಹತ್ತಿರ ಮನೆಯವರು ಯಾರೂ ಇಲ್ಲದಾಗ ತೀರಿಕೊಂಡರು. ಎದುರುಮನೆಯಮ್ಮ ನೆಂಟರೆಲ್ಲರ ಮುಂದೆ, "ಹೆತ್ತ ತಾಯಿನ ಯಾರ್ಯಾರ ಮಧ್ಯೆಯೋ ಬಿಟ್ಟು ಬಂದ್ಯಲ್ಲೇ" ಅಂದರಂತೆ. ಅಷ್ಟೇ. ಒಂದು ಮಾತು, ಎಂಟು ವರ್ಷ.

"ಹೋಗಿ ಏನ್ಮಾಡ್ತೀರಿ?" ಮೇಡಂ ಕೇಳಿದರು.

"ನನ್ನ ದೊಡ್ಡ ಕತ್ತರಿ ಅವಳ ಹತ್ರ ಇದೆ. ವಾಪಸ್ ತರ್ಬೇಕು." ಆಮೇಲೆ ಅತ್ತೆ ಕೇಳಿದರು, "ಆ ಮೂವತ್ತು ಮಾಡದೆ ಇದ್ದಿದ್ರೆ ಇನ್ನೂ ಹೆಚ್ಚು ನಡೀತಿದ್ನಾ?"

"ಆ ಎರಡು ವಾರ ಇಷ್ಟು ಸುಸ್ತಾಗ್ತಿರಲಿಲ್ಲ," ಅಂದರು ಮೇಡಂ. "ಕಾಯಿಲೆ ಮಾತ್ರ ತನ್ನ ಪಾಡಿಗೆ ತಾನು ಬರ್ತಿತ್ತು. ಎರಡೂ ನಿಜ."

ಎರಡೂ ನಿಜ. ಆ ಎರಡು ವಾರ ಅತ್ತೆ ಓಣಿ ದಾಟಿ ಬರಬಹುದಿತ್ತು.

ಮಾರ್ಚ್ ೨೮, ಶುಕ್ರವಾರ

ಮೇಡಂ ಹೆಜ್ಜೆ ಹಾಕಿ ಅಳೆದರು. ಮಂಚದಿಂದ ಹೊಸ್ತಿಲಿಗೆ ಹದಿನಾಲ್ಕು. ಹೊಸ್ತಿಲಿಂದ ಎದುರುಮನೆ ಮೆಟ್ಟಿಲಿಗೆ ಹದಿನಾರು. ಮೂರು ಕುರ್ಚಿ ಬೇಕು: ಒಂದು ನಮ್ಮ ಬಾಗಿಲಲ್ಲಿ, ಒಂದು ಓಣಿಯ ನಡುವೆ, ಒಂದು ಅವರ ಮೆಟ್ಟಿಲ ಹತ್ತಿರ. ಎರಡು ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಮೂರನೆಯದು ಹೊಲಿಗೆ ಮಿಷನ್ನಿನ ಮುಂದಿನ ಮರದ ಕುರ್ಚಿ.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹೊರಡುವುದು. ಅಲ್ಲಿಯವರೆಗೆ ಬೇರೆ ಏನೂ ಇಲ್ಲ. ಕಾಲೆತ್ತುವುದೂ ಇಲ್ಲ. ಸ್ನಾನ ಕುಳಿತುಕೊಂಡೇ, ತಲೆ ಬಾಚುವುದು ನಾನು. "ಉಸಿರು ಕೂಡಿಡ್ತಿದೀವಿ," ಅಂದರು ಮೇಡಂ.

"ಎದುರುಮನೆಯವರಿಗೆ ಹೇಳಿಡಮ್ಮ," ಅಂತಲೂ ಅಂದರು. ಸಾಯಂಕಾಲ ಹೋದೆ. ಮೆಟ್ಟಿಲ ತನಕ ಹೋದೆ. ಒಳಗಿಂದ ಪಾತ್ರೆ ಸದ್ದು ಕೇಳುತ್ತಿತ್ತು. ಬಾಗಿಲು ತಟ್ಟಲು ಕೈ ಎತ್ತಿದೆ. ವಾಪಸ್ ಬಂದೆ.

ಏಪ್ರಿಲ್ ೧, ಮಂಗಳವಾರ

ಎಲ್ಲ ಬರೆದಿಡಬೇಕು.

ಅತ್ತೆ ಹಸಿರು ಸೀರೆ ಕೇಳಿ ಉಡಿಸಿಕೊಂಡರು. ಮೂರನೇ ಕುರ್ಚಿಯನ್ನು ನಾನು ಎದುರುಮನೆ ಮೆಟ್ಟಿಲ ಹತ್ತಿರ ಇಟ್ಟು ಓಡಿಬಂದೆ, ಕದ್ದವಳ ಹಾಗೆ. ಇವರು ಕೆಲಸಕ್ಕೆ ಹೋಗಿರಲಿಲ್ಲ. ಓಣಿಯ ಬಾಯಲ್ಲಿ ವ್ಯಾನು ಅಡ್ಡ ನಿಲ್ಲಿಸಿ ಅಲ್ಲೇ ನಿಂತರು, ಹತ್ತಿರ ಬರಲಿಲ್ಲ.

ಒಂದು ಕಡೆ ಮೇಡಂ, ಒಂದು ಕಡೆ ನಾನು. "ಉಸಿರು ಬಿಡುತ್ತಾ ಹೆಜ್ಜೆ. ತಗೊಳ್ಳುವಾಗ ನಿಂತ್ಕೊಳ್ಳಿ. ಅವಸರ ಇಲ್ಲ, ಬಸ್ಸೇನೂ ಹೋಗ್ತಿಲ್ಲ." ಹೊಸ್ತಿಲು ಬಂತು. ಮೊದಲ ಕುರ್ಚಿಯಲ್ಲಿ ಐದು ನಿಮಿಷ. ಎರಡು ಮೆಟ್ಟಿಲು ಇಳಿದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿ, "ಈ ಓಣಿ ಇಷ್ಟು ಅಗಲ ಯಾವಾಗ ಆಯ್ತೇ?" ಅಂದರು.

ನಡುವಿನ ಕುರ್ಚಿಗೆ ಎಂಟು ಹೆಜ್ಜೆ. ಕುಳಿತರು. ಮುಂದಕ್ಕೆ ಬಾಗಿ ಮೊಣಕಾಲ ಮೇಲೆ ಕೈಯೂರಿದರು. ಮೇಡಂ ಮುಂದೆ ಮಂಡಿಯೂರಿ ಅವರ ಜೊತೆ ಜೊತೆಗೇ ಉಸಿರು ಬಿಟ್ಟರು. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು, ತುಟಿಯ ನೀಲಿ ಹೋಗಲಿಲ್ಲ.

"ಇವತ್ತಿಗೆ ಇದೇ ನಮ್ಮ ಊರು," ಅಂದರು ಮೇಡಂ ಮೆತ್ತಗೆ. "ಇಲ್ಲೇ ಇಳಿಯೋಣ."

ಅತ್ತೆ ಮೂರನೇ ಕುರ್ಚಿಯನ್ನು ನೋಡಿದರು. ಇನ್ನು ಎಂಟೇ ಹೆಜ್ಜೆ. ಆಮೇಲೆ ನನ್ನನ್ನು ನೋಡಿದರು. ಆ ಎಂಟು ಹೆಜ್ಜೆ ಎಲ್ಲಿ ಖರ್ಚಾಯಿತು ಅಂತ ನನಗೆ ಗೊತ್ತು. ಬೆಳಿಗ್ಗೆ ಮೂವತ್ತು, ಸಾಯಂಕಾಲ ಮೂವತ್ತು.

"ಎದುರುಮನೆಯಮ್ಮಾ! ಹೊರಗೆ ಬನ್ನಿ! ನಮ್ಮತ್ತೆ ಬಂದಿದಾರೆ!"

ಯಾರೋ ಹಾಗೆ ಕೂಗಿದರು. ಮೇಲಿನ ಮನೆಗಳ ಕಿಟಕಿ ತೆರೆದವು. ಅತ್ತೆ ಏದುಸಿರಿನಲ್ಲೇ, "ಅಬ್ಬಾ, ಗುಬ್ಬಿಗೂ ಗಂಟಲಿದೆ" ಅಂದಾಗ ನಾನೇ ಕೂಗಿದ್ದು ಅಂತ ತಿಳಿಯಿತು.

ಎದುರುಮನೆಯಮ್ಮ ಒದ್ದೆ ಕೈಯಲ್ಲೇ ಹೊರಬಂದರು. ಓಣಿಯ ನಡುವೆ ಕುಳಿತ ಅತ್ತೆಯನ್ನು ನೋಡಿದರು. ತಿರುಗಿ ಒಳಗೆ ಹೋಗಿಬಿಟ್ಟರು. ಮತ್ತೆ ಬಂದಾಗ ಕೈಯಲ್ಲಿ ಕತ್ತರಿಯಿತ್ತು. ಮೆಟ್ಟಿಲ ಹತ್ತಿರದ ಮರದ ಕುರ್ಚಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಂದು, ಅತ್ತೆಯ ಪಕ್ಕದಲ್ಲಿ ಹಾಕಿ ಕುಳಿತರು.

"ಕತ್ತರಿಗೆ ತಾನೇ ಬಂದಿದ್ದು? ತಗೋ."

"ಮೊಂಡಾಗಿರತ್ತೆ."

"ನಿನ್ನ ನಾಲಿಗೆಯಷ್ಟು ಹರಿತ ಇಲ್ಲ ಬಿಡು. ಎಷ್ಟು ಸೊರಗಿದೀಯೇ."

"ಕವಾಯತು ಮಾಡಿಸಿದ್ರು," ಅಂದರು ಅತ್ತೆ. ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಒಂದೊಂದೇ ಮಾತು ಹೇಳಿದರು. "ನೀನು ಅವತ್ತು ಅಂದಿದ್ದು ನಿಜ. ಅಮ್ಮನ ಹತ್ರ ನಾನಿರ್ಬೇಕಿತ್ತು."

"ನಿಜ ಅಂತ ಎಲ್ಲಾನೂ ಬಾಯಿಬಿಟ್ಟು ಹೇಳ್ಬೇಕಾ? ನನ್ನ ಬಾಯಿಗೆ ಬೆಂಕಿ ಬೀಳ."

"ಹೇಳದೇ ಇರೋರ ಜೊತೆ ಇದ್ದು ನೋಡು, ಆಮೇಲೆ ಗೊತ್ತಾಗತ್ತೆ." ಅತ್ತೆ ಮತ್ತೆ ನನ್ನ ಕಡೆ ನೋಡಿದರು. ನಾನು ನೆಲ ನೋಡಲಿಲ್ಲ. ನೋಡಬೇಕಿತ್ತೇನೋ.

ಓಣಿಯ ಒಳಗಿನಿಂದ ಒಬ್ಬ ಸ್ಕೂಟರಿನಲ್ಲಿ ಬಂದು ಹಾರ್ನ್ ಹೊಡೆದ. ಎದುರುಮನೆಯಮ್ಮ ಕತ್ತರಿ ಎತ್ತಿ, "ಪಕ್ಕದಿಂದ ಹೋಗಪ್ಪ, ಮೀಟಿಂಗ್ ನಡೀತಿರೋದು ಕಾಣಲ್ವಾ?" ಅಂದರು. ಅವನು ಇಳಿದು ಸ್ಕೂಟರನ್ನು ಗೋಡೆಗೆ ಒತ್ತಿಕೊಂಡು ತಳ್ಳಿಕೊಂಡು ಹೋದ.

ಅರ್ಧ ಗಂಟೆ ಕುಳಿತಿದ್ದರು. ವಾಪಸ್ ಬರಲು ಅತ್ತೆಯ ಹತ್ತಿರ ಹೆಜ್ಜೆ ಉಳಿದಿರಲಿಲ್ಲ. ಇವರು ಓಡಿಬಂದು ಅಮ್ಮನನ್ನು ಕುರ್ಚಿಯ ಸಮೇತ ಎತ್ತಿದರು.

ಏಪ್ರಿಲ್ ೪, ಶುಕ್ರವಾರ

ಅತ್ತೆ ಇನ್ನು ಏಳುವುದಿಲ್ಲ. "ಈಗ ಯಾವ ವ್ಯಾಯಾಮ ಮೇಡಂ?" ಅಂತ ಕೇಳಿದೆ. ಮೊಣಕಾಲ ಕೆಳಗೆ ದಿಂಬು, ಬೆನ್ನಿಗೆ ಇನ್ನೊಂದು, ತಲೆಯ ಕಡೆ ಎತ್ತರ, ಎರಡು ಗಂಟೆಗೊಮ್ಮೆ ಮಗ್ಗುಲು. "ಹೀಗೆ ನೋವಿಲ್ಲದ ಹಾಗೆ ಮಲಗಿಸೋದೂ ನನ್ನ ಕೆಲಸವೇ," ಅಂದರು.

ಎದುರುಮನೆಯಮ್ಮ ದಿನಾ ಬೆಳಿಗ್ಗೆಯೇ ಬರುತ್ತಾರೆ, ಮರದ ಕುರ್ಚಿಯನ್ನೂ ಮಂಚದ ಪಕ್ಕಕ್ಕೆ ತಂದು ಹಾಕಿಕೊಂಡಿದ್ದಾರೆ. ಇಬ್ಬರೂ ಬೈದಾಡುತ್ತಾರೆ. ಬೈಯುವುದು ಅವರು, ಅತ್ತೆ ಹುಬ್ಬು ಆಡಿಸುತ್ತಾರೆ.

ಮಧ್ಯಾಹ್ನ ಮಗ್ಗುಲು ಮಾಡಲು ಹೋದಾಗ ಅತ್ತೆ, "ನಿಂಗೂ ಬಂತಾ ಆ ಚಟ?" ಅಂದರು. ಯಾವುದು ಅಂತ ನೋಡಿದರೆ ನಾನು ಅಂಗೈ ಉಜ್ಜಿಕೊಳ್ಳುತ್ತಿದ್ದೆ. ಆಮೇಲೆ ಹೇಳಿದರು, "ಗುಬ್ಬಿ, ಮೂವತ್ತು ಅಂದಿದ್ದು ನಾನೇ ಅಲ್ವೇನೇ."

"ಒಂದು ತಿಂಗಳು ಅಂದಿದ್ದು ನಾನು ಅತ್ತೆ."

ಅತ್ತೆ ನನ್ನ ಕೈ ಹಿಡಿದುಕೊಂಡರು. "ಹೌದು. ಅದು ನೀನೇ."

ಕಣ್ಣು ಮುಚ್ಚಿಕೊಂಡರು. ಕೈ ಮಾತ್ರ ಬಿಡಲಿಲ್ಲ.

ಏಪ್ರಿಲ್ ೯, ಬುಧವಾರ

ಮಧ್ಯಾಹ್ನ ಮೂರು ಗಂಟೆಗೆ. ಇವರು, ನಾನು, ಎದುರುಮನೆಯಮ್ಮ ಮೂರೂ ಜನ ಹತ್ತಿರವೇ ಇದ್ದೆವು.

ಏಪ್ರಿಲ್ ೧೫, ಮಂಗಳವಾರ

ಒಂಬತ್ತು ಗಂಟೆಗೆ ಮೇಡಂ ಬಂದರು. ಯಾಕೆ ಬಂದರೋ ಅಂದುಕೊಂಡೆ. "ನಿನ್ನ ಬೆನ್ನು ನೋಡೋಕೆ," ಅಂದರು. "ತಿಂಗಳಿಂದ ಎತ್ತಿ ಇಳಿಸಿದೀಯ, ಯಾರಾದ್ರೂ ಕೇಳಿದ್ರಾ?" ಅವರ ಬಿಸಿ ಕೈ ನನ್ನ ಭುಜದ ಮೇಲೆ ಬಿದ್ದಾಗ ಅಳು ಬಂತು. ಮೂವತ್ತರ ಮಾತು ಮತ್ತೆ ಎತ್ತಿದೆ. ಅವರು ಭುಜ ಉಜ್ಜುತ್ತಲೇ ಇದ್ದರು. ಎರಡೂ ನಿಜ ಅಂತ ಅವತ್ತೇ ಹೇಳಿದ್ದಾರಲ್ಲ.

ಅವರು ಹೋಗುವಾಗ ಪುಸ್ತಕ ಕೊಡಲು ಹೋದೆ. ಮುಂದಿನ ಪುಟಗಳಲ್ಲಿ ಹತ್ತು ಅಂತ ಇದ್ದ ಕಡೆಯೆಲ್ಲ ಕೆಂಪು ಪೆನ್ನಿನಲ್ಲಿ ಹೊಡೆದು ಮೂವತ್ತು ಅಂತ ಬರೆದಿದ್ದೆ. ಅವರು ಅದನ್ನು ನೋಡಿ ಪುಸ್ತಕ ನನಗೇ ಕೊಟ್ಟರು.

ಮರದ ಕುರ್ಚಿ ಮಂಚದ ಪಕ್ಕದಲ್ಲೇ ಇತ್ತು. ಆರು ದಿನದಿಂದ ಅದರ ಮೇಲೆ ಯಾರೂ ಕುಳಿತಿಲ್ಲ. ಎದುರುಮನೆಯಮ್ಮ ಬಾಗಿಲು ಹಾಕಿಕೊಂಡೇ ಇದ್ದಾರೆ. ಮೇಡಂ ಹೋದ ಮೇಲೆ ಅದನ್ನು ಒರೆಸಿ ಎತ್ತಿಕೊಂಡು ಹೊರಟೆ. ಓಣಿಯ ನಡುವಿನಿಂದ ಎಣಿಸಿದೆ. ಎಂಟು. ಕುರ್ಚಿಯನ್ನು ಮೆಟ್ಟಿಲ ಹತ್ತಿರ ಇಟ್ಟು ಬಾಗಿಲು ತಟ್ಟಿದೆ.